ಹೊಸ್ತಿಲು ದಾಟಿದ ಸೇವಕರು: ಗೃಹಸಂದರ್ಶನ ಕಾರ್ಯದಲ್ಲಿ ಸುರಕ್ಷತೆಯ ಪ್ರಶ್ನೆ, ೧೮೯೬–೨೦೨೦

ಕನ್ನಡನಾಡಿನ ಹಳೆಯ ಮನೆಗಳ ರಚನೆಯನ್ನು ಪರಿಶೀಲಿಸಿದವರಿಗೆ ಒಂದು ಸಂಗತಿಯು ಸ್ಪಷ್ಟವಾಗಿ ತೋರಿಬರುತ್ತದೆ. ಬೀದಿಗೂ ಮನೆಯ ಒಳಭಾಗಕ್ಕೂ ನಡುವೆ ಜಗಲಿ, ತಲೆಬಾಗಿಲು, ಪಡಸಾಲೆ, ನಡುಮನೆ, ಅಡಿಗೆಯ ಮನೆ, ದೇವರ ಮನೆ ಎಂದು ಒಂದಾದ ಮೇಲೊಂದು ಎಲ್ಲೆಗಳುಂಟು. ದಾರಿಹೋಕನು ಜಗಲಿಯ ಮೇಲೆ ಕುಳಿತು ನೀರು ಬೇಡಬಹುದು. ಪಟೇಲ ಶ್ಯಾನುಭೋಗರು ಪಡಸಾಲೆಯವರೆಗೆ ಬರಬಹುದು. ನೆಂಟರಿಷ್ಟರು ನಡುಮನೆಯಲ್ಲಿ ಕುಳಿತುಕೊಳ್ಳಬಹುದು. ಅದರಿಂದ ಮುಂದಕ್ಕೆ ಕಾಲಿಡುವುದಕ್ಕೆ ಜಾತಿ, ಮಡಿ, ರಕ್ತಸಂಬಂಧ ಮೊದಲಾದ ಬೇರೆಯ ಅರ್ಹತೆಗಳು ಬೇಕಾಗಿದ್ದುವು. ಈ ಎಲ್ಲೆಗಳು ಅನೇಕರನ್ನು ಅನ್ಯಾಯವಾಗಿ ಬೀದಿಯಲ್ಲಿಯೇ ನಿಲ್ಲಿಸಿದುವೆಂಬುದೂ ನಿಜವೇ. ಆದರೂ ಬಡವನ ಒಂಟಿ ಕೋಣೆಯ ಗುಡಿಸಲಿಗೂ ಹೊಸ್ತಿಲೆಂಬುದೊಂದು ಇದ್ದೇ ಇತ್ತು. ಕರೆಯದೆ ಅದನ್ನು ದಾಟಿದವನು ಕಳ್ಳನೋ ಶತ್ರುವೋ ಆಗಿರಬೇಕೆಂಬುದು ಸರ್ವಸಾಮಾನ್ಯವಾದ ಭಾವನೆಯಾಗಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಹೊಸ್ತಿಲನ್ನು ದಾಟತಕ್ಕ ಒಂದು ಹೊಸ ವರ್ಗವು ಹುಟ್ಟಿಕೊಂಡಿತು. ಇವರು ಬಂಧುಗಳಲ್ಲ, ಅತಿಥಿಗಳಲ್ಲ, ಕಂದಾಯ ವಸೂಲು ಮಾಡುವವರೂ ಅಲ್ಲ. ಮನೆಯವರ ಹಿತಕ್ಕಾಗಿಯೇ ಬಂದಿರುವೆವೆಂದು ಹೇಳಿಕೊಂಡು, ಸರ್ಕಾರದ ಅಥವಾ ಸಂಸ್ಥೆಯ ಅಪ್ಪಣೆಯ ಮೇರೆಗೆ ಬಾಗಿಲು ತಟ್ಟುವವರು. ದೇವಿ ಹಾಕುವವನು, ಖಾನೇಷುಮಾರಿ ಬರೆಯುವವನು, ಪ್ಲೇಗಿನ ತನಿಖೆಯವನು, ಸೂಲಗಿತ್ತಿ ತರಬೇತಿ ಪಡೆದ ದಾದಿ, ಗ್ರಾಮಸೇವಿಕೆ, ಅಂಗನವಾಡಿಯ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ—ಇವರೆಲ್ಲರೂ ಒಂದೇ ಪರಂಪರೆಗೆ ಸೇರಿದವರು. ಇವರ ಮೇಲೆ ಕಾಲಕಾಲಕ್ಕೆ ಬಿದ್ದ ಕಲ್ಲು ದೊಣ್ಣೆಗಳ ವೃತ್ತಾಂತವನ್ನು ಚರಿತ್ರಕಾರರು ಗಲಭೆಗಳ ಅಧ್ಯಾಯದಲ್ಲಿಯೂ, ನ್ಯಾಯವಾದಿಗಳು ದಂಡನೆಯ ಅಧ್ಯಾಯದಲ್ಲಿಯೂ ಸೇರಿಸಿಬಿಟ್ಟಿರುವರು. ಆದಕಾರಣ ಇವರ ಸುರಕ್ಷತೆಯು ಯಾವುದನ್ನು ಆಧರಿಸಿ ನಿಂತಿತ್ತೆಂಬ ಪ್ರಶ್ನೆಯು ಪ್ರತ್ಯೇಕವಾಗಿ ವಿಚಾರಕ್ಕೆ ಬಂದುದು ಅಪೂರ್ವ.

ಪ್ಲೇಗಿಗೆ ಮುಂಚಿನ ಸಂದರ್ಶಕರ ವಿಷಯದಲ್ಲಿ ಹೆಚ್ಚಾಗಿ ಹೇಳಬೇಕಾದುದಿಲ್ಲ. ಸಿಡುಬಿಗೆ ಪ್ರತಿಯಾಗಿ ದೇವಿ ಹಾಕುವ ಪದ್ಧತಿಯು ಮೈಸೂರು ಸೀಮೆಗೆ ಬಂದಾಗ, ಸುಮಾರು ೧೮೦೬ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿಯಾದ ದೇವಾಜಮ್ಮಣ್ಣಿಯವರೇ ಅದನ್ನು ಹಾಕಿಸಿಕೊಂಡರು; ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ಆ ಸಂಗತಿಯು ಜನರಿಗೆ ತಿಳಿಯುವಂತೆ ಮಾಡಿದರು. ಅರಮನೆಯ ಹೊಸ್ತಿಲು ಮೊದಲು ತೆರೆದುದರಿಂದ ಪ್ರಜೆಗಳ ಹೊಸ್ತಿಲು ದಾಟುವುದು ಸ್ವಲ್ಪಮಟ್ಟಿಗಾದರೂ ಸುಲಭವಾಗಿರಬೇಕು. ೧೮೭೧ರಲ್ಲಿ ಸಂಸ್ಥಾನದಲ್ಲಿ ಕ್ರಮವಾದ ಖಾನೇಷುಮಾರಿ ನಡೆದಾಗ ಲೆಕ್ಕ ಬರೆಯುವವನಿಗೆ ಒಳಕ್ಕೆ ಹೋಗುವ ಅವಶ್ಯಕತೆಯೇ ಇರಲಿಲ್ಲ. ಜಗಲಿಯ ಮೇಲೆ ಕುಳಿತು ಕೇಳಿ ಬರೆದುಕೊಂಡರೆ ಕೆಲಸವು ತೀರುತ್ತಿದ್ದಿತು. ಸಂದರ್ಶಕನು ಜಗಲಿಯನ್ನು ಬಿಟ್ಟು ಅಡಿಗೆಯ ಮನೆಗೆ ನುಗ್ಗಿದಾಗ ಏನಾಗುವುದೆಂಬುದು ಗೊತ್ತಾದುದು ಪ್ಲೇಗಿನ ಕಾಲದಲ್ಲಿ.

೧೮೯೬ನೆಯ ಇಸವಿಯ ಸೆಪ್ಟೆಂಬರು ತಿಂಗಳಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಗಡ್ಡೆಜ್ವರದ ಮಹಾಮಾರಿಯು ತಲೆದೋರಿತು. ಅದನ್ನು ಮೊದಲು ಗುರುತಿಸಿದವರು ಡಾಕ್ಟರ್ ಅಕಾಸಿಯೊ ವಿಯೇಗಸ್ ಎಂಬ ಗೋವೆಯ ವೈದ್ಯರು. ಅಕ್ಟೋಬರು ೬ರಂದು ನಗರಸಭೆಯ ಕಮಿಷನರಾದ ಸ್ನೋ ಸಾಹೇಬರು ಹೊರಡಿಸಿದ ಪ್ರಕಟಣೆಯ ಪ್ರಕಾರ, ರೋಗದ ಸಂಶಯವಿದ್ದ ಯಾವ ಮನೆಯನ್ನಾದರೂ ಹೊಕ್ಕು ರೋಗಿಯನ್ನು ಆಸ್ಪತ್ರೆಗೆ ಸಾಗಿಸುವ ಅಧಿಕಾರವು ಅಧಿಕಾರಿಗಳಿಗೆ ಬಂದಿತು. ಆಸ್ಪತ್ರೆಯೆಂದರೆ ಆ ಕಾಲದ ಜನರಿಗೆ ಸಾಯಲು ಹೋಗುವ ಸ್ಥಳ. ಅಲ್ಲಿ ತಮ್ಮವರ ಕೈಯ ನೀರು ಸಿಗದು, ಸತ್ತರೆ ಸಂಸ್ಕಾರವು ಕ್ರಮವಾಗಿ ಆಗದು. ಮೂರು ವಾರಗಳೊಳಗೆ, ಅಕ್ಟೋಬರು ೨೯ರಂದು, ಸುಮಾರು ಸಾವಿರ ಮಂದಿ ಗಿರಣಿಯ ಕೂಲಿಗಳು ಆರ್ಥರ್ ರೋಡಿನ ಸಾಂಕ್ರಾಮಿಕ ಆಸ್ಪತ್ರೆಯ ಮೇಲೆ ಏರಿಹೋದರು. ಅದರ ಮರುದಿನವೇ ಕಮಿಷನರು ತಮ್ಮ ಆಜ್ಞೆಯನ್ನು ಸಡಿಲಿಸಿದರು. ಮನೆಯಲ್ಲಿ ನಡೆದ ಬಲಾತ್ಕಾರಕ್ಕೆ ಉತ್ತರವು ಮನೆಯಲ್ಲಿಯೇ ದೊರೆಯಬೇಕೆಂಬ ನಿಯಮವಿಲ್ಲವೆಂಬುದನ್ನು ಈ ಪ್ರಸಂಗವು ತೋರಿಸುತ್ತದೆ. ಹೊಸ್ತಿಲಿನಲ್ಲಿ ಹುಟ್ಟಿದ ಸಿಟ್ಟು ಆಸ್ಪತ್ರೆಯ ದಾದಿಯ ಮೇಲೆ, ಬಂಡಿ ಹೊಡೆಯುವವನ ಮೇಲೆ, ಯಾರು ಕೈಗೆ ಸಿಕ್ಕಿದರೆ ಅವರ ಮೇಲೆ ಬೀಳುತ್ತಿದ್ದಿತು.

ಇಂತಿರುವಲ್ಲಿ ೧೮೯೭ನೆಯ ಇಸವಿ ಫೆಬ್ರವರಿ ೪ರಂದು ಹಿಂದೂಸ್ಥಾನದ ಸರ್ಕಾರವು ಸಾಂಕ್ರಾಮಿಕ ರೋಗಗಳ ಆಕ್ಟನ್ನು ಅಂಗೀಕರಿಸಿತು. ಇದು ಕೇವಲ ನಾಲ್ಕು ಕಲಮುಗಳ ಪುಟ್ಟ ಶಾಸನ. ಆದರೆ ಅದರ ಆಯುಸ್ಸು ದೀರ್ಘವಾದುದರಿಂದ ಅದನ್ನು ಕೊಂಚ ನಿಧಾನವಾಗಿ ನೋಡಬೇಕಾಗಿದೆ. ಎರಡನೆಯ ಕಲಮು ಸರ್ಕಾರಕ್ಕೆ ತಕ್ಕದೆಂದು ತೋರಿದ ಯಾವ ನಿಬಂಧನೆಯನ್ನಾದರೂ ವಿಧಿಸುವ ಅಧಿಕಾರವನ್ನು ಕೊಟ್ಟಿತು. ಮೂರನೆಯದು ಅವಿಧೇಯರಿಗೆ ಶಿಕ್ಷೆಯನ್ನು ಗೊತ್ತುಮಾಡಿತು. ನಾಲ್ಕನೆಯದು, ಈ ಆಕ್ಟಿನ ಮೇರೆಗೆ ಸದುದ್ದೇಶದಿಂದ ನಡೆದುಕೊಂಡ ಯಾರ ಮೇಲೂ ಯಾವ ದಾವೆಯೂ ನಡೆಯತಕ್ಕುದಲ್ಲವೆಂದು ಸಾರಿತು. ಕಾರ್ಯಕರ್ತರ ರಕ್ಷಣೆ ಎಂಬ ಮಾತು ಈ ಶಾಸನದಲ್ಲಿ ಬರುವುದು ಈ ನಾಲ್ಕನೆಯ ಕಲಮಿನಲ್ಲಿ ಮಾತ್ರ. ಆ ರಕ್ಷಣೆಯು ನ್ಯಾಯಸ್ಥಾನದಿಂದಲೇ ಹೊರತು ಕಲ್ಲಿನಿಂದಲ್ಲ! ಮನೆಯವನಿಗೆ ದೂರು ಕೊಡುವ ದಾರಿಯನ್ನು ಮುಚ್ಚಿದ ಮೇಲೆ ಅವನು ಬೇರೆಯ ದಾರಿಯನ್ನು ಹುಡುಕುವನೆಂಬ ಆಲೋಚನೆಯು ಶಾಸನಕರ್ತರಿಗೆ ಹೊಳೆದಂತೆ ಕಾಣುವುದಿಲ್ಲ. ಬಾಗಿಲು ತಟ್ಟುವ ಕೆಳದರ್ಜೆಯ ನೌಕರನಿಗೆ ಈ ಕಲಮಿನಿಂದ ಅಪಾಯವು ಹೆಚ್ಚಿತೇ ವಿನಾ ಕಡಮೆಯಾಗಲಿಲ್ಲವೆಂದು ಮುಂದಿನ ಘಟನೆಗಳಿಂದ ಊಹಿಸಬಹುದಾಗಿದೆ.

ಪುಣೆಯ ವೃತ್ತಾಂತವು ಸರ್ವವಿದಿತವಾದುದು. ಆದರೆ ಅದನ್ನು ರಾಜಕೀಯ ಹತ್ಯೆಯ ಕಥೆಯಾಗಿ ಓದುವುದು ವಾಡಿಕೆಯಾಗಿರುವುದರಿಂದ ಗೃಹಸಂದರ್ಶನದ ದೃಷ್ಟಿಯಿಂದ ಒಂದೆರಡು ಅಂಶಗಳನ್ನು ಇಲ್ಲಿ ಎತ್ತಿ ಹೇಳುವುದು ಅಸಂಗತವಾಗದು. ೧೮೯೭ರ ಫೆಬ್ರವರಿಯಲ್ಲಿ ವಾಲ್ಟರ್ ಚಾರ್ಲ್ಸ್ ರಾಂಡ್ ಎಂಬ ಸಿವಿಲ್ ಅಧಿಕಾರಿಯು ಪುಣೆಯ ಪ್ಲೇಗು ಕಮಿಟಿಯ ಅಧ್ಯಕ್ಷನಾದನು. ಮಾರ್ಚಿ ೧೩ರಿಂದ ಮೇ ೧೯ರವರೆಗೆ, ಎರಡು ತಿಂಗಳಿಗೂ ಮೇಲ್ಪಟ್ಟು, ಗೋರಾ ಸೈನಿಕರು ಮನೆಮನೆಯನ್ನು ಶೋಧಿಸಿದರು. ಡರ್ಹ್ಯಾಮ್ ಕಾಲಾಳು ದಳದವರು ಆ ಕಾರ್ಯಕ್ಕೆ ನಿಯಮಿತರಾದವರಲ್ಲಿ ಮುಖ್ಯರು. ಜನರು ರೋಗಿಗಳನ್ನು ಬಚ್ಚಿಡುವರೆಂಬ ಕಾರಣದಿಂದ ಮುನ್ಸೂಚನೆಯಿಲ್ಲದೆ ಹೋಗುವುದೇ ಕ್ರಮವಾಗಿತ್ತು. ಸೈನಿಕರು ಬೂಟ್ಸುಗಾಲಿನಲ್ಲಿ ಅಡಿಗೆಯ ಮನೆ ದೇವರ ಮನೆಗಳನ್ನು ಹೊಕ್ಕರೆಂದೂ, ಹಾಸಿಗೆ ಬಟ್ಟೆಗಳನ್ನೂ ಸಾಮಾನುಗಳನ್ನೂ ಬೀದಿಗೆಸೆದು ಸುಟ್ಟರೆಂದೂ, ಹೆಂಗಸರನ್ನು ನಾಲ್ಕು ಜನರೆದುರಿಗೆ ಪರೀಕ್ಷಿಸಿದರೆಂದೂ ದೂರುಗಳು ಹುಟ್ಟಿದುವು. ಕೇಸರಿ ಪತ್ರಿಕೆಯು ಇವನ್ನು ಎತ್ತಿ ಆಡಿತು. ಪುಣೆಯ ಪ್ಲೇಗು ಆಸ್ಪತ್ರೆಯಲ್ಲಿ ಹೆಂಗಸರ ಸ್ಥಿತಿಯನ್ನು ಕುರಿತು, ಕನ್ನಡನಾಡಿನ ಪಶ್ಚಿಮಘಟ್ಟದ ಗಂಗಮೂಲದಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರೇ ಬಹಿರಂಗವಾಗಿ ಆಕ್ಷೇಪಣೆಯನ್ನು ಬರೆದರು. ವಿಲಾಯತಿಯಲ್ಲಿದ್ದ ಗೋಪಾಲಕೃಷ್ಣ ಗೋಖಲೆಯವರು ತಮಗೆ ಬಂದ ಪತ್ರಗಳನ್ನು ನಂಬಿ ಸೈನಿಕರ ಮೇಲೆ ಘೋರವಾದ ಆಪಾದನೆಗಳನ್ನು ಹೊರಿಸಿ, ಸ್ವದೇಶಕ್ಕೆ ಮರಳಿದ ಮೇಲೆ ಅವನ್ನು ಸಿದ್ಧಪಡಿಸಲಾರದೆ ಕ್ಷಮೆಯನ್ನು ಬೇಡಬೇಕಾಯಿತು.

ಯಾವ ಆಪಾದನೆಯು ಸತ್ಯ, ಯಾವುದು ಅತಿಶಯೋಕ್ತಿ ಎಂಬುದನ್ನು ಇಷ್ಟು ಕಾಲದ ಮೇಲೆ ತೂಗಿ ಹೇಳುವುದು ಕಷ್ಟ. ಇಲ್ಲಿ ವಿಚಾರಣೀಯವಾದುದು ಬೇರೆ. ದೂರನ್ನು ಕೇಳಿ ವಿಚಾರಿಸುವ ನಿಷ್ಪಕ್ಷಪಾತವಾದ ಪೀಠವೊಂದು ಇಲ್ಲದಿದ್ದುದರಿಂದ, ನಿಜವೂ ವದಂತಿಯೂ ಒಂದೇ ಬೆಲೆಗೆ ಮಾರಾಟವಾದುವು. ಜೂನ್ ೨೨ರ ರಾತ್ರಿ, ವಿಕ್ಟೋರಿಯಾ ರಾಣಿಯವರ ವಜ್ರಮಹೋತ್ಸವವು ಮುಗಿದು ಗಣೇಶಖಿಂಡದಿಂದ ಹಿಂದಿರುಗುತ್ತಿದ್ದಾಗ, ಚಾಪೇಕರ ಸಹೋದರರು ರಾಂಡನಿಗೂ ಆಯರ್ಸ್ಟ್ ಎಂಬ ಲೆಫ್ಟೆನೆಂಟನಿಗೂ ಗುಂಡಿಕ್ಕಿದರು. ಆಯರ್ಸ್ಟನು ಅಲ್ಲಿಯೇ ಸತ್ತನು. ರಾಂಡನು ಜುಲೈ ೩ರಂದು ತೀರಿಕೊಂಡನು. ಆಗ್ಗೆ ಮನೆಶೋಧನೆಯು ನಿಂತು ಒಂದು ತಿಂಗಳ ಮೇಲಾಗಿತ್ತೆಂಬುದು ಗಮನಿಸತಕ್ಕ ವಿಷಯ. ಹೊಸ್ತಿಲಿನಲ್ಲಿ ಪಟ್ಟ ಅವಮಾನವು ಕೆಲಸವು ಮುಗಿದೊಡನೆ ಮುಗಿಯಲಿಲ್ಲ.

ಅದೇ ಪುಣೆಯಲ್ಲಿ ಅದೇ ಮಾರ್ಚಿ ತಿಂಗಳಲ್ಲಿ ಇನ್ನೊಂದು ಬಗೆಯ ಗೃಹಸಂದರ್ಶನವೂ ನಡೆಯುತ್ತಿದ್ದಿತು. ಸಾವಿತ್ರಿಬಾಯಿ ಫುಲೆಯವರು ತಮ್ಮ ಸಾಕುಮಗನಾದ ಡಾಕ್ಟರ್ ಯಶವಂತರು ಊರ ಹೊರಗೆ ನಡೆಸುತ್ತಿದ್ದ ಚಿಕಿತ್ಸಾಲಯಕ್ಕೆ ರೋಗಿಗಳನ್ನು ತಾವೇ ಕರೆತರುತ್ತಿದ್ದರು. ಹಾಗೆ ಒಬ್ಬ ಬಾಲಕನನ್ನು ಹೊತ್ತು ತಂದು ರೋಗ ತಗುಲಿ, ೧೮೯೭ರ ಮಾರ್ಚಿ ೧೦ರಂದು, ಎಂದರೆ ಸೈನಿಕರ ಶೋಧನೆಯು ಆರಂಭವಾಗುವುದಕ್ಕೆ ಮೂರು ದಿನ ಮೊದಲು, ಅವರು ಕಾಲವಾದರು. ಐವತ್ತು ವರ್ಷಗಳ ಹಿಂದೆ ಶಾಲೆಗೆ ನಡೆದುಹೋಗುವಾಗ ಸಗಣಿ ಕಲ್ಲುಗಳ ಏಟನ್ನು ತಿಂದಿದ್ದ ಆ ಮಹಿಳೆಗೆ ಈಗ ಜನರಿಂದ ಭಯವಿರಲಿಲ್ಲ, ಭಯವಿದ್ದುದು ರೋಗದಿಂದ. ಗೃಹಸಂದರ್ಶಕರ ಅಪಾಯವು ಎರಡು ಮುಖಗಳುಳ್ಳದ್ದೆಂಬುದನ್ನು ಮರೆಯಲಾಗದು. ಒಂದು ಮನುಷ್ಯನ ಕೈಯಿಂದ ಬರುವುದು, ಮತ್ತೊಂದು ಮನೆಯ ಗಾಳಿಯಿಂದ, ಹಾಸಿಗೆಯಿಂದ, ಇಲಿಯ ಮೈಮೇಲಿನ ಚಿಗಟದಿಂದ ಬರುವುದು. ಮೊದಲನೆಯದಕ್ಕೆ ಅಂಜಿ ಸೈನ್ಯವನ್ನು ಕರೆದೊಯ್ದವರು ಎರಡನೆಯದನ್ನು ಮರೆತುದೂ ಉಂಟು. ಎರಡನೆಯದಕ್ಕೆ ಎದೆಗೊಟ್ಟವರು ಮೊದಲನೆಯದರಿಂದ ತಪ್ಪಿಸಿಕೊಂಡುದೂ ಉಂಟು.

ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂದುದು ಹುಬ್ಬಳ್ಳಿಯ ಕಡೆಯಿಂದ, ರೈಲುದಾರಿ ಹಿಡಿದು, ೧೮೯೮ರ ಆಗಸ್ಟಿನಲ್ಲಿ. ಆಗ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರೀಜೆಂಟರಾಗಿಯೂ, ಕೆ. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿಯೂ ಇದ್ದರು. ವಿ. ಪಿ. ಮಾಧವರಾಯರು ಪ್ಲೇಗು ಕಮಿಷನರಾಗಿ ನೇಮಕಗೊಂಡರು. ಪುಣೆಯ ಹತ್ಯೆಯ ಸುದ್ದಿಯು ಎಲ್ಲರ ಕಿವಿಯಲ್ಲಿಯೂ ಗುಂಯ್‌ಗುಡುತ್ತಿದ್ದ ಕಾಲವದು. ಅದೇ ವರ್ಷದ ಮಾರ್ಚಿ ೯ರಂದು ಮುಂಬಯಿಯ ನೇಕಾರರ ಕೇರಿಯಲ್ಲಿ ರೋಗದ ಸಂಶಯವಿದ್ದ ಹುಡುಗಿಯೊಬ್ಬಳನ್ನು ಪರೀಕ್ಷಿಸಲು ಹೋದ ಪ್ಲೇಗು ನೌಕರರನ್ನು ಮನೆಯವರು ತಡೆದುದರಿಂದ ದೊಡ್ಡ ಗಲಭೆಯಾಗಿ, ಯೂರೋಪಿಯನ್ ಸೈನಿಕರೂ ಪ್ರಾಣ ಕಳೆದುಕೊಂಡಿದ್ದರು. ಇಷ್ಟಾದರೂ ಸಂಸ್ಥಾನದಲ್ಲಿಯೂ ಮೊದಮೊದಲು ರೋಗಿಗಳನ್ನು ಬೇರ್ಪಡಿಸುವುದು, ಮನೆಯವರನ್ನು ಕ್ಯಾಂಪಿಗೆ ಸಾಗಿಸುವುದು, ಮನೆಗಳನ್ನು ಶುದ್ಧಿಮಾಡುವುದು ಮುಂತಾದ ಕ್ರಮಗಳೇ ನಡೆದುವು. ನವೆಂಬರಿನಲ್ಲಿ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಸಾವಿರಾರು ಜನರು ಕೂಡಿ ಪ್ಲೇಗು ಕ್ರಮಗಳಿಗೆ ವಿರುದ್ಧವಾಗಿ ದಂಗೆಯೆದ್ದರು. ಅದನ್ನು ಅಡಗಿಸಲು ಸರ್ಕಾರವು ಬಲಪ್ರಯೋಗ ಮಾಡಬೇಕಾಯಿತು.

ಆದರೆ ಮೈಸೂರು ಸೀಮೆಯ ರೈತರ ನಡತೆಯಲ್ಲಿ ಮುಂಬಯಿಯವರಿಂದ ಒಂದು ವ್ಯತ್ಯಾಸವು ಕಾಲಕ್ರಮದಲ್ಲಿ ಕಾಣಬಂದಿತು. ಇಲಿ ಬಿದ್ದಿತೆಂಬ ಸುದ್ದಿ ಹಬ್ಬಿದೊಡನೆಯೇ ಯಾರೂ ಹೇಳದೆ ಊರಿಗೆ ಊರೇ ಬಾಗಿಲು ಹಾಕಿಕೊಂಡು, ಹೊಲ ತೋಟಗಳಲ್ಲಿ ಸೋಗೆಯ ಗುಡಿಸಲುಗಳನ್ನು ಕಟ್ಟಿಕೊಂಡು ತಿಂಗಳುಗಟ್ಟಲೆ ಇರುವುದು ರೂಢಿಯಾಯಿತು. ದೇವಿಗೆ ಹರಕೆ ಹೊತ್ತು ಪ್ಲೇಗಮ್ಮನ ಗುಡಿಗಳನ್ನು ಕಟ್ಟಿದ ಜನರೇ, ಇಲಿ ಸತ್ತ ಮನೆಯಲ್ಲಿ ಒಂದು ರಾತ್ರಿಯೂ ಮಲಗಕೂಡದೆಂಬ ಅನುಭವಜ್ಞಾನವನ್ನೂ ಸಂಪಾದಿಸಿಕೊಂಡರು. ಅಂತಹ ಕಡೆಗಳಲ್ಲಿ ಅಮಲ್ದಾರನಿಗಾಗಲಿ ಶೇಕದಾರನಿಗಾಗಲಿ ಮನೆಯ ಒಳಗೆ ನುಗ್ಗುವ ಪ್ರಮೇಯವೇ ಇರಲಿಲ್ಲ. ಖಾಲಿ ಮನೆಗೆ ಸುಣ್ಣ ಬಳಿಯಿಸಿ, ಹೆಂಚು ತೆಗೆಯಿಸಿ ಬಿಸಿಲು ಬೀಳುವಂತೆ ಮಾಡುವವನ ಮೇಲೆ ಕಲ್ಲೆಸೆಯುವವರು ಯಾರು? ಬೆಂಗಳೂರಿನಲ್ಲಿ ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಜನರು ಮಲ್ಲೇಶ್ವರ ಬಸವನಗುಡಿಗಳಲ್ಲಿ ನೆಲೆಸುವುದಕ್ಕೆ ಪ್ಲೇಗು ಪ್ರೇರಕವಾಯಿತೆಂಬುದೂ, ಮೈಸೂರು ನಗರದ ಸುಧಾರಣೆಗಾಗಿ ೧೯೦೩ರಲ್ಲಿ ಟ್ರಸ್ಟ್ ಬೋರ್ಡು ಸ್ಥಾಪಿತವಾಯಿತೆಂಬುದೂ ಈ ಕಥೆಯ ಉಪಾಖ್ಯಾನಗಳು.

ಈ ಎಲ್ಲ ಬಲಾತ್ಕಾರದಿಂದ ಆದ ಪ್ರಯೋಜನವೇನೆಂದು ವಿಚಾರಿಸಿದರೆ ಖೇದಕರವಾದ ಉತ್ತರವು ಬರುತ್ತದೆ. ೧೮೯೪ರಲ್ಲಿಯೇ ಯೆರ್ಸಿನ್ ಎಂಬ ಶಾಸ್ತ್ರಜ್ಞನು ಹಾಂಗ್‌ಕಾಂಗಿನಲ್ಲಿ ರೋಗಾಣುವನ್ನು ಕಂಡಿದ್ದನು. ಅದು ಇಲಿಯ ಚಿಗಟದ ಮೂಲಕ ಮನುಷ್ಯನಿಗೆ ಹರಡುವುದೆಂಬುದನ್ನು ೧೮೯೮ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂಡನು ತೋರಿಸಿದರೂ, ಆ ಮಾತಿಗೆ ಮನ್ನಣೆ ದೊರೆತುದು ಹಲವು ವರ್ಷಗಳ ಮೇಲೆ. ಆದುದರಿಂದ ಪುಣೆಯಲ್ಲಿ ಮನೆಯಿಂದ ರೋಗಿಯನ್ನು ಎಳೆದೊಯ್ದಾಗ ರೋಗದ ಮೂಲವು ಬಹುಮಟ್ಟಿಗೆ ಮನೆಯ ಬಿಲದಲ್ಲಿಯೇ ಉಳಿಯುತ್ತಿದ್ದಿತು. ಶೋಧಿಸಿದವನೂ ಶೋಧನೆಗೆ ಒಳಗಾದವನೂ ಪರಸ್ಪರ ಭಯದಿಂದ ನಡುಗಿದುದು ಅಲ್ಪ ಫಲಕ್ಕಾಗಿ. ಊರು ಬಿಟ್ಟು ಗುಡಿಸಲು ಕಟ್ಟಿಕೊಂಡ ರೈತನ ಉಪಾಯವೇ ಶಾಸ್ತ್ರಕ್ಕೆ ಹೆಚ್ಚು ಸಮೀಪವಾದುದಾಗಿತ್ತು.

೧೮೯೮ರಿಂದ ೧೯೦೦ರವರೆಗಿನ ಅವಧಿಯಲ್ಲಿ ಸರ್ಕಾರದ ಧೋರಣೆಯು ಕ್ರಮೇಣ ಬದಲಾಯಿತು. ಬಲವಂತದ ಶೋಧನೆ, ಬಲವಂತದ ಸ್ಥಳಾಂತರಗಳನ್ನು ಕೈಬಿಟ್ಟು, ಆಯಾ ಕೋಮಿನ ಪ್ರಮುಖರನ್ನೂ ಸ್ವಯಂಸೇವಕರನ್ನೂ ಜೊತೆಗೂಡಿಸಿಕೊಳ್ಳುವುದು, ಹೆಂಗಸರ ಪರೀಕ್ಷೆಗೆ ಹೆಂಗಸರನ್ನೇ ನಿಯಮಿಸುವುದು, ಕೋಮುವಾರು ಆಸ್ಪತ್ರೆಗಳಿಗೆ ಅನುಮತಿ ಕೊಡುವುದು, ಹಾಫ್ಕಿನ್ ಸಾಹೇಬರ ಸೂಜಿಮದ್ದನ್ನು ಇಷ್ಟಪಟ್ಟವರಿಗೆ ಮಾತ್ರ ಹಾಕುವುದು—ಇವು ಬಳಕೆಗೆ ಬಂದುವು. ಕ್ಷಮಾಪಣೆಯಿಂದ ಮುಖಭಂಗಿತರಾಗಿದ್ದ ಗೋಖಲೆಯವರೇ ಪುಣೆಯಲ್ಲಿ ಪ್ಲೇಗಿನ ಸ್ವಯಂಸೇವಕರಾಗಿ ದುಡಿದು ಅಧಿಕಾರಿಗಳ ಮೆಚ್ಚಿಕೆಯನ್ನು ಪಡೆದರು. ಬಂದೂಕು ಹಿಡಿದವನನ್ನು ಹಿಂದಕ್ಕೆ ಕರೆಸಿ ಪರಿಚಿತನನ್ನು ಮುಂದೆ ಬಿಟ್ಟುದರಿಂದ ಗೃಹಸಂದರ್ಶಕನ ಸುರಕ್ಷತೆಯು ಹೆಚ್ಚಿತು. ೧೯೦೦ರ ಏಪ್ರಿಲ್‌ನಲ್ಲಿ ಕಾನಪುರದಲ್ಲಿ ಪ್ಲೇಗು ಕ್ಯಾಂಪಿನ ಮೇಲೆ ಬಿದ್ದ ಜನರು ಪೋಲೀಸರನ್ನು ಕೊಂದುದು ಈ ಪಾಠವನ್ನು ಕಲಿಯದ ಕಡೆಯಲ್ಲಿ ನಡೆದ ಘಟನೆಯೆಂದು ಹೇಳಬಹುದು.

ಇಷ್ಟರಿಂದ, ಪರಿಚಿತರನ್ನು ಕಳುಹಿಸಿದರೆ ಸಾಕು, ಸುರಕ್ಷತೆಯು ತಾನಾಗಿ ಬರುವುದೆಂಬ ಸಿದ್ಧಾಂತವು ಹೊರಡುವಂತೆ ತೋರುತ್ತದೆ. ಮುಂದಿನ ಅರ್ಧ ಶತಮಾನದ ಯೋಜನೆಗಳೆಲ್ಲವೂ ಈ ಸಿದ್ಧಾಂತವನ್ನೇ ನಂಬಿದುವು. ೧೯೪೫ರಲ್ಲಿ ಸ್ಥಾಪಿತವಾದ ಕಸ್ತೂರಬಾ ಸ್ಮಾರಕ ನಿಧಿಯು ತರಬೇತಿ ಕೊಟ್ಟ ಗ್ರಾಮಸೇವಿಕೆಯರನ್ನು ಹಳ್ಳಿಗಳಲ್ಲಿಯೇ ನೆಲೆಗೊಳಿಸಿತು. ಕರ್ನಾಟಕದಲ್ಲಿ ಅದರ ಕೇಂದ್ರವು ಅರಸೀಕೆರೆಯ ಬಳಿಯಲ್ಲಿ ಸ್ಥಾಪಿತವಾಯಿತು. ದುರ್ಗಾಬಾಯಿ ದೇಶಮುಖರ ಅಧ್ಯಕ್ಷತೆಯಲ್ಲಿ ೧೯೫೩ರಲ್ಲಿ ಏರ್ಪಟ್ಟ ಕೇಂದ್ರ ಸಮಾಜಕಲ್ಯಾಣ ಮಂಡಲಿಯೂ ಇದೇ ದಾರಿಯನ್ನು ಹಿಡಿಯಿತು. ೧೯೭೫ರ ಅಕ್ಟೋಬರು ೨ರಂದು ದೇಶದ ೩೩ ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಆರಂಭವಾದಾಗ ಕರ್ನಾಟಕದ ಪಾಲಿಗೆ ಬಂದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಂಗನವಾಡಿಯ ಕಾರ್ಯಕರ್ತೆಯು ಅದೇ ಊರಿನವಳಾಗಿರಬೇಕೆಂಬುದು ಮೊದಲಿನಿಂದಲೂ ಬಂದ ನಿಯಮ. ೨೦೦೫ರ ಆಶಾ ಯೋಜನೆಯು ಸಾವಿರ ಜನಸಂಖ್ಯೆಗೆ ಒಬ್ಬಳಂತೆ ಆ ಊರಿನ ಸೊಸೆಯನ್ನೋ, ವಿಧವೆಯನ್ನೋ ಆರಿಸಬೇಕೆಂದು ವಿಧಿಸಿತು. ಜಗಲಿಯಲ್ಲಿ ನಿಲ್ಲಬೇಕಾದ ಪರಕೀಯನ ಬದಲು ನಡುಮನೆಯವರೆಗೂ ನಡೆದುಹೋಗಬಲ್ಲವಳೊಬ್ಬಳು ಸಿಕ್ಕಿದಂತಾಯಿತು.

ಆದರೆ ಊರಿನವಳಾದವಳಿಗೆ ಊರಿನಿಂದಲೇ ಅಪಾಯವು ಬಂದರೆ ಗತಿಯೇನು? ಪ್ಲೇಗಿನ ಇನ್‌ಸ್ಪೆಕ್ಟರು ಗಲಭೆಯಾದರೆ ಬಂಡಿ ಹತ್ತಿ ಹೊರಟುಹೋಗಬಹುದು. ಊರಿನ ಸೊಸೆಯು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ರಾಜಸ್ಥಾನದ ಭಟೇರಿ ಗ್ರಾಮವು ಕೊಟ್ಟ ಉತ್ತರವು ಭಯಂಕರವಾದುದು.

೧೯೮೪ರಲ್ಲಿ ಆ ಪ್ರಾಂತದ ಸರ್ಕಾರವು ಮಹಿಳಾಭಿವೃದ್ಧಿ ಕಾರ್ಯಕ್ರಮವನ್ನು ಆರಂಭಿಸಿ, ಹಳ್ಳಿಹಳ್ಳಿಗೂ ಸಾಥಿನ್ ಎಂಬ ಹೆಸರಿನ ಕಾರ್ಯಕರ್ತೆಯರನ್ನು ನಿಯಮಿಸಿತು. ಇವರಿಗೆ ಸಂಬಳವಿಲ್ಲ, ಅಲ್ಪ ಗೌರವಧನ ಮಾತ್ರ. ಭಟೇರಿಯ ಸಾಥಿನಳು ಕುಂಬಾರ ಜಾತಿಯ ಭಂವರಿ ದೇವಿ. ೧೯೯೨ರ ಬೇಸಗೆಯಲ್ಲಿ ಅಕ್ಷಯ ತೃತೀಯೆಯ ಹೊತ್ತಿಗೆ ನಡೆಯುವ ಬಾಲ್ಯವಿವಾಹಗಳನ್ನು ತಡೆಯಬೇಕೆಂದು ಸರ್ಕಾರವು ಅಪ್ಪಣೆ ಮಾಡಿತು. ಅದರಂತೆ ಆಕೆಯು ಬಲವುಳ್ಳ ಮನೆತನವೊಂದಕ್ಕೆ ಹೋಗಿ, ಇನ್ನೂ ವರ್ಷ ತುಂಬದ ಹಸುಳೆಗೆ ಮದುವೆ ಮಾಡಬೇಡಿರೆಂದು ಹೇಳಿದಳು. ಮದುವೆಯ ದಿನ ಅಧಿಕಾರಿಗಳೂ ಪೋಲೀಸರೂ ಬಂದು ತಡೆದು ಹೋದರು. ಅವರು ಹೋದ ಮೇಲೆ ಮದುವೆಯು ನಡೆದೇ ನಡೆಯಿತು. ಪೋಲೀಸರನ್ನು ಕರೆಸಿದವಳೆಂಬ ಹೊರೆಯು ಮಾತ್ರ ಸಾಥಿನಳ ತಲೆಯ ಮೇಲೆ ಉಳಿಯಿತು. ಊರಿನವರು ಆ ಮನೆಯವರನ್ನು ಬಹಿಷ್ಕರಿಸಿದರು. ಸೆಪ್ಟೆಂಬರು ೨೨ರಂದು ಹೊಲದಲ್ಲಿ ಆಕೆಯ ಗಂಡನನ್ನು ಹೊಡೆದು ಕೆಡವಿ, ಆಕೆಯ ಮೇಲೆ ಸಾಮೂಹಿಕ ಅತ್ಯಾಚಾರವನ್ನು ಮಾಡಿದರೆಂಬ ಫಿರ್ಯಾದು ದಾಖಲಾಯಿತು. ೧೯೯೫ರ ನವೆಂಬರಿನಲ್ಲಿ ಕೆಳಗಿನ ನ್ಯಾಯಾಲಯವು ಆರೋಪಿಗಳನ್ನು ಅತ್ಯಾಚಾರದ ಅಪರಾಧದಿಂದ ಬಿಡುಗಡೆ ಮಾಡಿತು.

ಈ ವೃತ್ತಾಂತದಲ್ಲಿ ಸರ್ಕಾರದ ಪಾತ್ರವನ್ನು ಪರ್ಯಾಲೋಚಿಸಿದರೆ ೧೮೯೭ರ ಪುಣೆಗೂ ಇದಕ್ಕೂ ಇರುವ ಅಂತರವು ಗೋಚರವಾಗುತ್ತದೆ. ಅಲ್ಲಿ ಸರ್ಕಾರವು ಮನೆಯವನನ್ನು ಮರೆತು ಸಂದರ್ಶಕನ ಹಿಂದೆ ಸೈನ್ಯವನ್ನು ನಿಲ್ಲಿಸಿತು. ಇಲ್ಲಿ ಸಂದರ್ಶಕಳನ್ನೇ ಮರೆತಿತು. ಅಪ್ಪಣೆಯು ಸರ್ಕಾರದ್ದು, ಕೆಲಸವು ಸರ್ಕಾರದ್ದು, ಅಪಾಯವು ಮಾತ್ರ ಆಕೆಯ ಸ್ವಂತದ್ದು. ಪರಿಚಯವೆಂಬ ಗುರಾಣಿಯು ಪೋಷಣೆ, ಹೆರಿಗೆ, ಔಷಧಗಳ ವಿಷಯದಲ್ಲಿ ಸಾಕಾಗಬಹುದು. ಮನೆಯವರ ಇಚ್ಛೆಗೆ ವಿರುದ್ಧವಾದ ಮಾತನ್ನು ಹೇಳಬೇಕಾಗಿ ಬಂದಾಗ ಅದು ಸಾಲದು. ಜಾತಿಯಲ್ಲಿಯೂ ಸ್ಥಿತಿಯಲ್ಲಿಯೂ ಕೆಳಗಿನವಳಾದ ಸಂದರ್ಶಕಳಿಗೆ ಅದು ಗುರಾಣಿಯೇ ಅಲ್ಲ. ೨೦೦೫ರಲ್ಲಿ ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ಬಾಲ್ಯವಿವಾಹವನ್ನು ತಡೆಯಹೋದ ಅಂಗನವಾಡಿಯ ಮೇಲ್ವಿಚಾರಕಿಯೊಬ್ಬಳ ಕೈಗಳನ್ನು ಅವಳ ಮನೆಯಲ್ಲಿಯೇ ಕತ್ತಿಯಿಂದ ಕಡಿದ ಸಂಗತಿಯು ಇದನ್ನೇ ದೃಢಪಡಿಸುತ್ತದೆ. ಇಲ್ಲಿ ಹೊಸ್ತಿಲು ದಾಟಿ ಬಂದವನು ದುಷ್ಟನು, ಗೃಹವು ಸಂದರ್ಶಕಿಯದು.

ಭಂವರಿ ದೇವಿಯ ಪ್ರಕರಣವನ್ನು ನಿಮಿತ್ತವಾಗಿ ಮಾಡಿಕೊಂಡು ಮಹಿಳಾ ಸಂಸ್ಥೆಗಳು ಸಲ್ಲಿಸಿದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು ೧೯೯೭ರ ಆಗಸ್ಟು ೧೩ರಂದು ವಿಶಾಖಾ ತೀರ್ಪನ್ನು ಕೊಟ್ಟಿತು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳವನ್ನು ತಡೆಯುವುದು ಯಜಮಾನನ ಕರ್ತವ್ಯವೆಂದು ಅದು ಸಾರಿತು. ಕಚೇರಿಗಳ ವಿಷಯದಲ್ಲಿ ಈ ತೀರ್ಪು ಬಹಳವಾಗಿ ಉದಾಹೃತವಾಗುತ್ತದೆ. ಅದರ ಮೂಲವು ಗೃಹಸಂದರ್ಶನದಲ್ಲಿ ಇದ್ದಿತೆಂಬುದನ್ನು ಸ್ಮರಿಸುವವರು ವಿರಳ. ೨೦೧೩ರ ಅಧಿನಿಯಮವು ಮಾತ್ರ ಆ ಮೂಲವನ್ನು ಸಂಪೂರ್ಣವಾಗಿ ಮರೆಯಲಿಲ್ಲ. ಕೆಲಸದ ನಿಮಿತ್ತವಾಗಿ ನೌಕರಳು ಹೋಗುವ ಯಾವ ಸ್ಥಳವಾದರೂ, ವಾಸದ ಮನೆಯೂ ಸಹ, ಕೆಲಸದ ಸ್ಥಳವೆಂದು ಅದು ಅರ್ಥವಿವರಣೆ ಮಾಡಿತು. ಸ್ವಯಂಸೇವೆಯಿಂದ ದುಡಿಯುವವರನ್ನೂ ನೌಕರರ ವ್ಯಾಖ್ಯೆಯಲ್ಲಿ ಸೇರಿಸಿತು. ಆ ಸ್ಥಳದಲ್ಲಿ ಎದುರಾಗುವ ಹೊರಗಿನವರಿಂದಲೂ ರಕ್ಷಣೆ ಕೊಡುವುದನ್ನು ಯಜಮಾನನ ಕರ್ತವ್ಯವೆಂದು ವಿಧಿಸಿತು. ಹೊಸ್ತಿಲಿನ ಒಳಗಡೆ ಸಂದರ್ಶಕಿಯ ಸುರಕ್ಷತೆಗೆ ಕಳುಹಿಸಿದವನೇ ಹೊಣೆಗಾರನೆಂಬ ತತ್ತ್ವವು ಇಷ್ಟು ಸ್ಪಷ್ಟವಾಗಿ ಶಾಸನದ ಮಾತಿನಲ್ಲಿ ಮೂಡಿದುದು ಗಮನಾರ್ಹವಾದ ಬೆಳವಣಿಗೆ.

ಶಾಸನವನ್ನು ನೆಚ್ಚದೆ ಬೇರೊಂದು ಉಪಾಯವನ್ನು ಹುಡುಕಿದುದಕ್ಕೆ ಕನ್ನಡನಾಡಿನಲ್ಲಿ ನಿದರ್ಶನವುಂಟು. ೧೯೮೯ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಮಹಿಳಾ ಸಮಖ್ಯಾ ಕಾರ್ಯಕ್ರಮದಲ್ಲಿ ಹಲವು ಹಳ್ಳಿಗಳನ್ನು ಸುತ್ತುವ ಸಹಯೋಗಿನಿಯು ಒಂಟಿಯಾಗಿ ಮನೆಗೆ ಹೋಗಿ ಉಪದೇಶ ಮಾಡುವುದಕ್ಕಿಂತ, ಮೊದಲು ಊರಿನ ಬಡ ಹೆಂಗಸರ ಸಂಘವನ್ನು ಕಟ್ಟುತ್ತಿದ್ದಳು. ಹೇಳಬೇಕಾದ ಅಪ್ರಿಯವಾದ ಮಾತನ್ನು ಸಂಘವೇ ಹೇಳುತ್ತಿದ್ದಿತು. ಒಬ್ಬಳ ಮೇಲೆ ಕೈಮಾಡುವುದು ಸುಲಭ. ಇಪ್ಪತ್ತು ಜನ ಹೆಂಗಸರು ಜಗಲಿಯ ಮುಂದೆ ನಿಂತರೆ ಕೈ ಏಳುವುದು ಕಷ್ಟ. ಈ ಬಗೆಯ ಏರ್ಪಾಡಿನ ಮೌಲ್ಯವನ್ನು ಅಂಕಿಗಳಲ್ಲಿ ತೋರಿಸಲಾಗದು. ನಡೆಯದೆ ಹೋದ ಹಲ್ಲೆಗಳನ್ನು ಯಾವ ಕಡತವೂ ಬರೆದಿಡುವುದಿಲ್ಲ.

೨೦೨೦ರಲ್ಲಿ ಕೊರೋನಾ ಮಹಾಮಾರಿಯು ಬಂದಾಗ ಹಳೆಯ ಕಥೆಯ ಎಳೆಗಳೆಲ್ಲವೂ ಒಂದೆಡೆ ಕೂಡಿದುವು. ಆಗಲೂ ಜಾರಿಗೆ ಬಂದುದು ೧೮೯೭ರ ಅದೇ ನಾಲ್ಕು ಕಲಮುಗಳ ಆಕ್ಟು. ಮನೆಮನೆಗೆ ಹೋದವರು ಮಾತ್ರ ಗೋರಾ ಸೈನಿಕರಲ್ಲ. ಕರ್ನಾಟಕದಲ್ಲಿಯೇ ನಲವತ್ತು ಸಾವಿರಕ್ಕೆ ಕಡಮೆಯಿಲ್ಲದ ಆಶಾ ಕಾರ್ಯಕರ್ತೆಯರು. ಯಾರಿಗೆ ಜ್ವರವಿದೆ, ಯಾರು ಪರಸ್ಥಳದಿಂದ ಬಂದರು ಎಂದು ಕೇಳಿ ಬರೆದುಕೊಳ್ಳುವುದು ಅವರ ಕೆಲಸ. ಹತ್ತಾರು ವರ್ಷ ಬಸುರಿ ಬಾಣಂತಿಯರ ಕ್ಷೇಮ ವಿಚಾರಿಸಿದ ಬಾಯಿಯಿಂದಲೇ ಈ ಪ್ರಶ್ನೆಗಳು ಬಂದಾಗ ಅವಳು ನೆರೆಯವಳಂತೆ ಕಾಣದೆ ಪೋಲೀಸರ ದೂತಿಯಂತೆ ಕಂಡಳು. ಪಟ್ಟಿಗೆ ಹೆಸರು ಸೇರಿದರೆ ಕ್ವಾರಂಟೈನಿಗೆ ಎಳೆದೊಯ್ಯುವರೆಂಬ ಭಯವು, ೧೮೯೬ರಲ್ಲಿ ಆಸ್ಪತ್ರೆಯನ್ನು ಕುರಿತು ಇದ್ದ ಭಯದ ಸಹೋದರವೇ ಸರಿ. ಏಪ್ರಿಲ್ ತಿಂಗಳ ಆರಂಭದಲ್ಲಿ ಇಂದೂರಿನಲ್ಲಿ ತಪಾಸಣೆಗೆ ಹೋದ ವೈದ್ಯರ ತಂಡದ ಮೇಲೆ ಕಲ್ಲುಗಳು ಬಿದ್ದುವು. ಬೆಂಗಳೂರಿನ ಬಡಾವಣೆಯೊಂದರಲ್ಲಿ ಆಶಾ ಕಾರ್ಯಕರ್ತೆಯರನ್ನು ಸುತ್ತುಗಟ್ಟಿ, ಅವರ ಕೈಯಲ್ಲಿದ್ದ ಕಾಗದಪತ್ರಗಳನ್ನು ಕಿತ್ತುಕೊಂಡು ಹಿಂಸಿಸಿದರು. ಅದೇ ತಿಂಗಳ ೧೯ರ ರಾತ್ರಿ ಪಾದರಾಯನಪುರದಲ್ಲಿ ಜನರನ್ನು ಕ್ವಾರಂಟೈನಿಗೆ ಕರೆದೊಯ್ಯಲು ಬಂದವರ ವಿರುದ್ಧ ಗಲಭೆ ನಡೆಯಿತು.

ಏಪ್ರಿಲ್ ೨೨ರಂದು ಕೇಂದ್ರ ಸರ್ಕಾರವು ಸುಗ್ರೀವಾಜ್ಞೆಯ ಮೂಲಕ ಹಳೆಯ ಆಕ್ಟನ್ನು ತಿದ್ದಿತು. ಸೆಪ್ಟೆಂಬರಿನಲ್ಲಿ ಅದು ಶಾಸನವಾಯಿತು. ಆರೋಗ್ಯ ಕಾರ್ಯಕರ್ತರ ಮೇಲಿನ ಹಿಂಸೆಗೆ ೩ ತಿಂಗಳಿಂದ ೫ ವರ್ಷಗಳವರೆಗೆ ಸೆರೆವಾಸ, ೫೦,೦೦೦ದಿಂದ ೨ ಲಕ್ಷ ರೂಪಾಯಿಗಳವರೆಗೆ ದಂಡ. ತೀವ್ರವಾದ ಗಾಯವಾದರೆ ೬ ತಿಂಗಳಿಂದ ೭ ವರ್ಷಗಳವರೆಗೆ ಸೆರೆವಾಸ, ೧ ಲಕ್ಷದಿಂದ ೫ ಲಕ್ಷದವರೆಗೆ ದಂಡ. ಅಪರಾಧವು ಜಾಮೀನಿಗೆ ಅರ್ಹವಲ್ಲ. ತನಿಖೆಯು ೩೦ ದಿನಗಳೊಳಗೆ ಮುಗಿಯಬೇಕು. ಸಮುದಾಯದ ಆರೋಗ್ಯ ಕಾರ್ಯಕರ್ತೆಯರ ಹೆಸರೂ ರಕ್ಷಿತರ ಪಟ್ಟಿಯಲ್ಲಿ ಸೇರಿತು. ಹೀಗೆ ೧೨೩ ವರ್ಷಗಳ ಮೇಲೆ ಆ ಶಾಸನದಲ್ಲಿ ದಾವೆಯಿಂದ ರಕ್ಷಣೆಯ ಜೊತೆಗೆ ಏಟಿನಿಂದ ರಕ್ಷಣೆಯೂ ಸೇರಿಕೊಂಡಿತು. ಆದರೆ ಈ ರಕ್ಷಣೆಯು ಸಾಂಕ್ರಾಮಿಕದ ಕಾಲಕ್ಕೆ ಮಾತ್ರ ಸಲ್ಲತಕ್ಕುದು. ಅದು ಏಟು ಬಿದ್ದ ಮೇಲೆ ಬರುವ ರಕ್ಷಣೆ. ಒಂಟಿಯಾಗಿ ಹೋಗುವವಳಿಗೆ ಜೊತೆಗಾತಿಯನ್ನು ಕೊಡುವ, ಅವಳ ಹೋಗುಬರವನ್ನು ಕಚೇರಿಯಲ್ಲಿ ಒಬ್ಬರು ಗಮನಿಸುತ್ತಿರುವ, ಅಪಾಯದ ಮನೆಯೆಂದು ತಿಳಿದಲ್ಲಿ ಹಿಂದಕ್ಕೆ ಬರುವ ಸ್ವಾತಂತ್ರ್ಯವನ್ನು ಕೊಡುವ ಸಾಮಾನ್ಯ ಏರ್ಪಾಡುಗಳ ಮಾತು ಅದರಲ್ಲಿ ಇಲ್ಲ. ಮನೆಯವನ ದೂರನ್ನು ಕೇಳುವ ಪೀಠದ ಮಾತೂ ಇಲ್ಲ; ನಾಲ್ಕನೆಯ ಕಲಮು ಇದ್ದಂತೆಯೇ ಉಳಿಯಿತು.

ಅದೇ ವರ್ಷದ ಜುಲೈ ೧೦ರಿಂದ ಕರ್ನಾಟಕದ ಆಶಾ ಕಾರ್ಯಕರ್ತೆಯರು ಕೆಲಸಕ್ಕೆ ಹೋಗದೆ ಮುಷ್ಕರವನ್ನು ಹೂಡಿದರು. ಅವರ ಬೇಡಿಕೆಗಳು ಮುಖ್ಯವಾಗಿ ಎರಡು: ತಿಂಗಳಿಗೆ ೧೨,೦೦೦ ರೂಪಾಯಿಗಳ ನಿಶ್ಚಿತ ಗೌರವಧನ, ಮತ್ತು ಮನೆಮನೆಗೆ ಹೋಗುವಾಗ ಧರಿಸುವುದಕ್ಕೆ ಮುಖಗವಸು, ಕೈಗವಸು ಮೊದಲಾದ ರಕ್ಷಣೆಯ ಸಾಮಗ್ರಿ.